ಎದೆ ಮೇಲಿನ ಡಬ್ಬಿ

ಆಸ್ಪತ್ರೆ ಭಾಷೆಯಲ್ಲಿ ಅದಕ್ಕೆ ‘ಟೆಲಿ’ ಅಂತಾರೆ. ಪೂರ್ತಿ ಹೆಸರು ಟೆಲಿಮೆಟ್ರಿ. ಎದೆ ಮೇಲೆ ಐದು ಕಡೆ ಅಂಟಿನ ಬಿಲ್ಲೆಗಳು, ಅವುಗಳಿಂದ ಹೊರಟ ಐದು ಬಣ್ಣದ ವೈರುಗಳು, ಆ ವೈರೆಲ್ಲಾ ಹೋಗಿ ಸೇರುವುದು ಹಳೇ ಕಾಲದ ಪಾಕೆಟ್ ರೇಡಿಯೋದಷ್ಟಿರುವ ಒಂದು ಡಬ್ಬಿಗೆ. ಇಲ್ಲಿ ರೋಗಿಗಳಿಗೆ ಹಾಕೋ ಗೌನಿನ ಎದೆಯಲ್ಲಿ ಒಂದು ಜೇಬು ಇರುತ್ತೆ. ಅದು ದುಡ್ಡಿಗಲ್ಲ, ಕನ್ನಡಕಕ್ಕೂ ಅಲ್ಲ, ಈ ಡಬ್ಬಿಗೆ. ಡಬ್ಬಿ ನಿಮ್ಮ ಹೃದಯದ ಒಂದೊಂದು ಬಡಿತವನ್ನೂ ಗಾಳಿಯಲ್ಲಿ ಕಳಿಸುತ್ತಾ ಇರುತ್ತೆ. ಇನ್ನೊಂದು ಮಹಡಿಯಲ್ಲೋ, ಕೆಲವು ಕಡೆ ಇನ್ನೊಂದು ಕಟ್ಟಡದಲ್ಲೋ, ಸಾಲು ಪರದೆಗಳ ಮುಂದೆ ಕೂತ ಒಬ್ಬ ತಂತ್ರಜ್ಞ ನಿಮ್ಮಂಥ ಹತ್ತಾರು ಜನರ ಹೃದಯದ ಗೆರೆಗಳನ್ನು ನೋಡುತ್ತಾ ಕೂತಿರುತ್ತಾನೆ.

ನಾನು ಅಮೆರಿಕದಲ್ಲಿ ಒಳರೋಗಿಗಳನ್ನು ನೋಡಿಕೊಳ್ಳುವ ಡಾಕ್ಟರು. ನನಗೆ ಹೊರಗಡೆ ಕ್ಲಿನಿಕ್ ಇಲ್ಲ. ಅಡ್ಮಿಟ್ ಆದವರು ಮನೆಗೆ ಹೋಗುವವರೆಗೆ ಅವರು ನನ್ನ ಜವಾಬ್ದಾರಿ. ನನ್ನ ಕೆಲಸದಲ್ಲಿ ಅರ್ಧ ಭಾಗ ಶುರು ಮಾಡುವುದು: ಔಷಧಿ, ಪರೀಕ್ಷೆ, ಡ್ರಿಪ್ಪು. ಇನ್ನರ್ಧ ನಿಲ್ಲಿಸುವುದು. ಶುರು ಮಾಡುವುದು ಸುಲಭ, ಎಲ್ಲರಿಗೂ ಖುಷಿ. ನಿಲ್ಲಿಸುವುದಕ್ಕೆ ಮಾತ್ರ ಕಾರಣ ಕೊಡಬೇಕು, ಸಹಿ ಹಾಕಬೇಕು, ಒಮ್ಮೊಮ್ಮೆ ಜಗಳವನ್ನೂ ಆಡಬೇಕು. ನಿಲ್ಲಿಸೋಕೆ ಅತ್ಯಂತ ಕಷ್ಟವಾದ ಸಾಮಾನು ಯಾವುದು ಅಂತ ಕೇಳಿದ್ರೆ ಈ ಡಬ್ಬಿ ಅಂತೀನಿ.

ಹಾಗಂತ ಡಬ್ಬಿಯನ್ನು ಬೈಯೋಕೆ ಹೊರಟಿಲ್ಲ. ಅದು ಹುಟ್ಟಿದ ಕಥೆ ಕೇಳಿದರೆ ಕೈ ಮುಗಿಯಬೇಕು ಅನಿಸುತ್ತೆ. ಅರವತ್ತು-ಎಪ್ಪತ್ತು ವರ್ಷದ ಹಿಂದೆ ಹೃದಯಾಘಾತ ಆದವರನ್ನು ಸಾಮಾನ್ಯ ವಾರ್ಡಿನಲ್ಲೇ ಮಲಗಿಸುತ್ತಿದ್ದರು. ಅಲುಗಾಡಬೇಡಿ ಅನ್ನುವುದೇ ದೊಡ್ಡ ಚಿಕಿತ್ಸೆ. ರಾತ್ರಿ ಯಾವಾಗಲೋ ಬಡಿತದ ತಾಳ ತಪ್ಪಿ ಹೃದಯ ನಿಂತುಹೋಗುತ್ತಿತ್ತು. ಬೆಳಿಗ್ಗೆ ನರ್ಸು ಕಾಫಿ ತಂದಾಗಲೇ ಗೊತ್ತಾಗುತ್ತಿತ್ತು. 1960ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನ ಕೌವೆನ್‌ಹೋವೆನ್, ಜೂಡ್, ನಿಕರ್‌ಬಾಕರ್ ಅನ್ನುವ ಮೂವರು, ಎದೆ ಕೊಯ್ಯದೆ ಹೊರಗಿನಿಂದ ಒತ್ತಿಯೇ ರಕ್ತ ಓಡಾಡುವ ಹಾಗೆ ಮಾಡಬಹುದು ಅಂತ ತೋರಿಸಿಕೊಟ್ಟರು. ಹೊರಗಿನಿಂದಲೇ ವಿದ್ಯುತ್ ಶಾಕ್ ಕೊಟ್ಟು ಬಡಿತವನ್ನು ದಾರಿಗೆ ತರುವ ವಿದ್ಯೆ ಅದಕ್ಕೂ ಸ್ವಲ್ಪ ಮೊದಲೇ ಬಂದಿತ್ತು. ಅಂದರೆ ನಿಂತ ಹೃದಯವನ್ನು ಮತ್ತೆ ಎಬ್ಬಿಸಬಹುದು, ಆದರೆ ಕೆಲವೇ ನಿಮಿಷದೊಳಗೆ ಗೊತ್ತಾಗಬೇಕು. ಗೊತ್ತಾಗುವುದು ಹೇಗೆ? 1962ರಲ್ಲಿ ಕ್ಯಾನ್ಸಸ್ ಸಿಟಿಯ ಬೆಥನಿ ಆಸ್ಪತ್ರೆಯಲ್ಲಿ ಹ್ಯೂಸ್ ಡೇ ಅನ್ನುವ ವೈದ್ಯರು ಅಂಥ ರೋಗಿಗಳನ್ನೆಲ್ಲ ಒಂದೇ ಕಡೆ ಸೇರಿಸಿ, ಎಲ್ಲರ ಎದೆಗೂ ಮಾನಿಟರ್ ಹಾಕಿ, ತರಬೇತಾದ ನರ್ಸುಗಳನ್ನು ಕಾವಲಿಗೆ ಕೂರಿಸಿದರು. ಇವತ್ತು ನಮ್ಮೂರುಗಳಲ್ಲೂ ಇರುವ ಸಿಸಿಯುಗಳ ಮೂಲಪುರುಷ ಅದು. ಅಲ್ಲಿಂದಾಚೆ ಉಳಿದ ಜೀವಗಳಿಗೆ ಲೆಕ್ಕವಿಲ್ಲ.

ಆಮೇಲೆ ಏನಾಯಿತು ಅಂದರೆ, ಕಾವಲು ಆ ಕೋಣೆಯಿಂದ ಹೊರಗೆ ನಡೆದುಬಂತು. ಡಬ್ಬಿ ಚಿಕ್ಕದಾಯಿತು, ವೈರಿಲ್ಲದೆ ಸುದ್ದಿ ಕಳಿಸುವುದನ್ನು ಕಲಿತಿತು, ಸಾಮಾನ್ಯ ವಾರ್ಡಿಗೂ ಬಂತು. ಹೃದಯದ ಕಾಯಿಲೆಯವರಿಗೆ ಅಂತ ಬಂದದ್ದು ನ್ಯುಮೋನಿಯಾದವರಿಗೂ ಸಿಕ್ಕಿತು, ಕಾಲು ಬಾತು ಬಂದವರಿಗೂ ಸಿಕ್ಕಿತು, ಮೂತ್ರದ ಸೋಂಕಿನವರಿಗೂ ಸಿಕ್ಕಿತು.

ಯಾಕೆ ಅಂತ ಕೇಳಿದರೆ ದೊಡ್ಡ ಪಿತೂರಿಯೇನೂ ಇಲ್ಲ. ಕಂಪ್ಯೂಟರಿನಲ್ಲಿ ರೋಗಿಯನ್ನು ಅಡ್ಮಿಟ್ ಮಾಡುವಾಗ ಒಂದು ಪಟ್ಟಿ ಬರುತ್ತೆ, ಮದುವೆ ಮನೆಯ ಸಾಮಾನಿನ ಚೀಟಿ ಥರ. ಅದರಲ್ಲಿ ಟೆಲಿಮೆಟ್ರಿ ಮುಂದೆ ಒಂದು ಚೌಕ. ಎಷ್ಟೋ ಕಡೆ ಅದರಲ್ಲಿ ಮೊದಲೇ ಟಿಕ್ ಬಿದ್ದಿರುತ್ತೆ. ರಾತ್ರಿ ಎರಡು ಗಂಟೆಗೆ, ಹನ್ನೊಂದನೇ ರೋಗಿಯನ್ನು ಒಳಗೆ ತಗೊಳ್ತಾ ಇರುವ ಡಾಕ್ಟರಿಗೆ ಆ ಟಿಕ್ ತೆಗೆಯೋಕೆ ಯಾವ ಕಾರಣವೂ ಇರುವುದಿಲ್ಲ. ‘ಇರಲಿ, ಏನಾದರೂ ಆದರೆ?’ ಅನ್ನುವ ಒಂದು ಮಾತು ಸಾಕು. ಆ ಮಾತಿನ ಹಿಂದೆ ಕೋರ್ಟಿನ ಭಯವಿದೆ, ಮೇಲಿನವರು ಕೇಳಿಯಾರು ಅನ್ನುವ ಭಯವಿದೆ. ನಾನು ಮಲಗಿದ್ದಾಗಲೂ ಯಾರೋ ಒಬ್ಬರು ಇವರನ್ನು ನೋಡ್ತಾ ಇರ್ತಾರಲ್ಲ ಅನ್ನುವ ಪ್ರಾಮಾಣಿಕ ಸಮಾಧಾನವೂ ಇದೆ. ಬೆಳಿಗ್ಗೆ ಬರುವ ಡಾಕ್ಟರು ‘ರಾತ್ರಿಯವರು ಏನೋ ಯೋಚನೆ ಮಾಡಿಯೇ ಹಾಕಿರ್ತಾರೆ’ ಅಂದ್ಕೋತಾರೆ. ಹೀಗೆ ಯಾರೂ ಯೋಚನೆ ಮಾಡದ ಒಂದು ಟಿಕ್ಕು ನಾಲ್ಕು ದಿನ ರೋಗಿಯ ಎದೆ ಮೇಲೆ ಕೂತಿರುತ್ತೆ.

ಇರಲಿ ಬಿಡಿ, ನೋಡೋದ್ರಿಂದ ಏನು ಕಳ್ಕೊಂಡಂಗಾಯ್ತು ಅಂತ ನೀವು ಕೇಳಬಹುದು. ಕೇಳುವವರು ಒಂದು ರಾತ್ರಿ ವಾರ್ಡಿನಲ್ಲಿ ನಿಲ್ಲಬೇಕು.

ಈ ಯಂತ್ರಕ್ಕೆ ಕಣ್ಣಿದೆ, ಬುದ್ಧಿ ಕಮ್ಮಿ. ರೋಗಿ ಹಲ್ಲುಜ್ಜಿದರೆ ಕೈ ಅಲ್ಲಾಡುವ ಲಯಕ್ಕೆ ಗೆರೆಯೂ ಅಲ್ಲಾಡಿ, ಪರದೆ ಮೇಲೆ ಥೇಟ್ ಪ್ರಾಣಾಂತಕ ಬಡಿತದ ಹಾಗೆಯೇ ಕಾಣುತ್ತೆ. ಅಲಾರಾಂ ಹೊಡೆಯುತ್ತೆ. ಓಡಿಹೋಗಿ ನೋಡಿದರೆ ಅವರು ಬಾಯಲ್ಲಿ ನೊರೆ ತುಂಬಿಕೊಂಡು ‘ಏನಾಯ್ತು?’ ಅನ್ನುವ ಹಾಗೆ ನಮ್ಮನ್ನೇ ನೋಡ್ತಾ ಇರ್ತಾರೆ. ಬೆವರಿಗೆ ಬಿಲ್ಲೆ ಸಡಿಲವಾದರೆ ಅಲಾರಾಂ. ಮಗ್ಗುಲು ಬದಲಾಯಿಸುವಾಗ ವೈರು ಕಿತ್ತರೆ ಅಲಾರಾಂ. ಬ್ಯಾಟರಿ ಮುಗಿದರೂ ಅಲಾರಾಂ. ಸ್ಯಾನ್ ಫ್ರಾನ್ಸಿಸ್ಕೋದ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಐದು ತೀವ್ರ ನಿಗಾ ಘಟಕಗಳ 461 ರೋಗಿಗಳ ಅಲಾರಾಂಗಳನ್ನು 31 ದಿನ ಎಣಿಸಿದರು. 2014ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ, ಸದ್ದಿಲ್ಲದೆ ಪರದೆ ಮೇಲೆ ಮಾತ್ರ ಮೂಡಿದವೂ ಸೇರಿ ಒಟ್ಟು 25,58,760. ಕಿವಿಗೆ ಬಿದ್ದವನ್ನು ಮಾತ್ರ ತಗೊಂಡರೂ ಒಂದು ಹಾಸಿಗೆಗೆ ದಿನಕ್ಕೆ 187. ಬಡಿತದ ತಾಳ ತಪ್ಪಿದೆ ಅಂತ ಹೊಡೆದುಕೊಂಡ ಹನ್ನೆರಡು ಸಾವಿರಕ್ಕೂ ಹೆಚ್ಚು ಅಲಾರಾಂಗಳನ್ನು ಒಂದೊಂದಾಗಿ ಕೂತು ಪರೀಕ್ಷಿಸಿದಾಗ ನೂರಕ್ಕೆ 88.8 ಸುಳ್ಳು. ಇದು ಅತ್ಯಂತ ಕಾಯಿಲೆಯವರಿರುವ ಜಾಗದ ಮಾತು. ಕಾಯಿಲೆ ಕಡಿಮೆ ಇರುವ ವಾರ್ಡಿನಲ್ಲಿ ಕಾವಲು ಹಾಕಿದಷ್ಟೂ ಸುಳ್ಳಿನ ಪಾಲು ಹೆಚ್ಚಾಗುವುದು ಸಹಜ.

ತೋಳ ಬಂತು ತೋಳ ಕಥೆಯನ್ನು ಮೂರನೇ ಕ್ಲಾಸಿನಲ್ಲೇ ಓದಿದ್ದೀವಿ. ಆದರೆ ಅಲ್ಲಿ ಹುಡುಗ ಬೇಕಂತ ಸುಳ್ಳು ಹೇಳ್ತಿದ್ದ, ಇಲ್ಲಿ ಯಂತ್ರಕ್ಕೆ ಅಂಥ ದುರುದ್ದೇಶವಿಲ್ಲ. ಆದರೂ ಕೊನೆ ಒಂದೇ. 2010ರ ಜನವರಿಯಲ್ಲಿ ಬಾಸ್ಟನ್ನಿನ ಹೆಸರಾಂತ ಆಸ್ಪತ್ರೆಯೊಂದರಲ್ಲಿ 89 ವರ್ಷದ ರೋಗಿಯೊಬ್ಬರ ಬಡಿತ ನಿಧಾನವಾಗುತ್ತಾ ಹೋಗಿ ನಿಂತೇಹೋಯಿತು. ಹಾಸಿಗೆ ಪಕ್ಕದ ಮಾನಿಟರಿನ ಮುಖ್ಯ ಅಲಾರಾಮನ್ನು ಯಾರೋ ಆರಿಸಿಬಿಟ್ಟಿದ್ದರು. ನರ್ಸುಗಳ ಕಟ್ಟೆಯಲ್ಲಿ ಎಚ್ಚರಿಕೆಯ ಬೀಪ್ ಬರುತ್ತಿತ್ತು, ಪರದೆ ಮೇಲೆ ಅಂಕಿಯೂ ಕಾಣುತ್ತಿತ್ತು. ಆವತ್ತು ಕೆಲಸದಲ್ಲಿದ್ದ ಹತ್ತು ಜನ ನರ್ಸುಗಳಲ್ಲಿ ಒಬ್ಬರಿಗೂ ಅದನ್ನು ಕೇಳಿದ ನೆನಪಿರಲಿಲ್ಲ. ಅವರು ಸೋಮಾರಿಗಳಲ್ಲ, ಕಿವುಡರೂ ಅಲ್ಲ. ಜಲಪಾತದ ಪಕ್ಕ ಮನೆ ಮಾಡಿದವರಿಗೆ ನೀರಿನ ಸದ್ದು ಕೇಳಿಸುತ್ತಾ? ಆಮೇಲೆ 2013ರಲ್ಲಿ, ಇಲ್ಲಿನ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ ಒಂದು ಎಚ್ಚರಿಕೆ ಹೊರಡಿಸಿತು. 2009ರ ಜನವರಿಯಿಂದ 2012ರ ಜೂನ್‌ವರೆಗೆ ಅಲಾರಾಂ ಸಂಬಂಧದ 98 ಅವಘಡಗಳು ಅವರಿಗೆ ವರದಿಯಾಗಿದ್ದವು. ಅದರಲ್ಲಿ 80 ಸಾವು.

ಇನ್ನೊಂದು ನಷ್ಟ ಕಿವಿಗೆ ಬೀಳುವಂಥದ್ದಲ್ಲ. ಡಬ್ಬಿಗಳು ಎಣಿಕೆಯವು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಆಸ್ಪತ್ರೆಗೆ ಒಬ್ಬ ಟ್ರಕ್ ಡ್ರೈವರ್ ಬಂದಿದ್ದರು. ಒಂದೇ ವಾರದಲ್ಲಿ ಎರಡು ಸಲ ನಿಂತಲ್ಲೇ ತಲೆ ಸುತ್ತಿ ಬಿದ್ದಿದ್ದರು, ನಾಡಿ ನಿಧಾನ, ಇಸಿಜಿ ಚೆನ್ನಾಗಿರಲಿಲ್ಲ. ಈ ಡಬ್ಬಿ ಹುಟ್ಟಿರೋದೇ ಇಂಥವರಿಗೆ. ಮೇಲಿನ ವಾರ್ಡಿಗೆ ಫೋನ್ ಮಾಡಿದರೆ ‘ಟೆಲಿ ಬೆಡ್ ಖಾಲಿ ಇಲ್ಲ’ ಅಂದರು. ಎಮರ್ಜೆನ್ಸಿಯ ಕಿಷ್ಕಿಂಧೆಯಲ್ಲಿ, ಪರದೆ ಎಳೆದ ಮೂಲೆಯಲ್ಲಿ, ಅವರ ಹೆಂಡತಿ ಮರದ ಕುರ್ಚಿ ಮೇಲೆ ರಾತ್ರಿಯೆಲ್ಲ ಕೂತಿದ್ದರು. ಮೇಲೆ ಹೋಗಿ ಪಟ್ಟಿ ನೋಡಿದೆ. ಕಾಲಿನ ಚರ್ಮದ ಸೋಂಕಿಗೆ ಬಂದು ಮರುದಿನ ಮನೆಗೆ ಹೋಗಲಿದ್ದ ಒಬ್ಬರಿಗೆ ಡಬ್ಬಿ, ವಾಂತಿ ನಿಂತು ಇಡ್ಲಿಯಂಥದ್ದು ತಿನ್ನುವ ಹಂತಕ್ಕೆ ಬಂದಿದ್ದ ಇನ್ನೊಬ್ಬರಿಗೆ ಡಬ್ಬಿ, ಇನ್ನು ಏನೂ ಮಾಡಬೇಡಿ, ನೆಮ್ಮದಿಯಾಗಿ ಹೋಗಲು ಬಿಡಿ ಅಂತ ಮನೆಯವರೆಲ್ಲ ಸೇರಿ ನಿರ್ಧರಿಸಿದ್ದ ಒಬ್ಬ ಅಜ್ಜನಿಗೂ ಡಬ್ಬಿ. ಡ್ರೈವರಿಗೆ ಮರುದಿನ ಪೇಸ್‌ಮೇಕರ್ ಹಾಕಿದರು, ಬದುಕಿಕೊಂಡರು. ಆದರೆ ಆ ರಾತ್ರಿ ಅವರ ಹೆಂಡತಿ ಕೇಳಿದ ‘ಮೇಲೆ ಇವರಿಗಿಂತ ಕಷ್ಟದಲ್ಲಿರೋರು ಅಷ್ಟೊಂದು ಜನ ಇದ್ದಾರಾ?’ ಅನ್ನುವ ಪ್ರಶ್ನೆಗೆ ಆಸ್ಪತ್ರೆಯ ಹತ್ತಿರ ಮರ್ಯಾದಸ್ಥ ಉತ್ತರ ಇರಲಿಲ್ಲ.

ಯಾರಿಗೆ ಬೇಕು, ಯಾರಿಗೆ ಬೇಡ ಅನ್ನುವುದೇನು ಬ್ರಹ್ಮವಿದ್ಯೆಯಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2004ರಲ್ಲೇ ಪಟ್ಟಿ ಮಾಡಿಕೊಟ್ಟಿದೆ, 2017ರಲ್ಲಿ ಅದನ್ನು ಮತ್ತೆ ತಿದ್ದಿದೆ. ಹೃದಯಾಘಾತ ಆದ ಹೊಸತರಲ್ಲಿ ಬೇಕು. ಕಾರಣ ಗೊತ್ತಾಗದೆ ಮೂರ್ಛೆ ಹೋದವರಿಗೆ, ಹೃದಯದ ಕಾಯಿಲೆಯ ಅನುಮಾನವಿದ್ದರೆ ಬೇಕು. ಪಾರ್ಶ್ವವಾಯು ಹೊಡೆದ ಮೊದಲ ಒಂದೆರಡು ದಿನ ಬೇಕು. ರಕ್ತದಲ್ಲಿ ಪೊಟ್ಯಾಸಿಯಂ ತೀರಾ ಏರುಪೇರಾದವರಿಗೆ, ಬಡಿತ ಕೆಡಿಸುವ ಔಷಧಿ ಅತಿಯಾಗಿ ನುಂಗಿದವರಿಗೆ ಬೇಕು. ಎಷ್ಟು ಹೊತ್ತು ಬೇಕು ಅನ್ನುವುದೂ ಆ ಪಟ್ಟಿಯಲ್ಲಿದೆ. ಜನ ಮರೆಯುವುದು ಈ ಕೊನೆಯದನ್ನೇ.

ಡೆಲವೇರ್ ರಾಜ್ಯದ ಕ್ರಿಶ್ಚಿಯಾನಾ ಕೇರ್ ಆಸ್ಪತ್ರೆಯವರು ಒಂದು ಸರಳ ಕೆಲಸ ಮಾಡಿದರು. ಆ ಪಟ್ಟಿಯನ್ನೇ ಕಂಪ್ಯೂಟರಿನೊಳಗೆ ಕೂರಿಸಿದರು. ಮೊದಲೇ ಬಿದ್ದಿರುತ್ತಿದ್ದ ಟಿಕ್ಕುಗಳನ್ನು ತೆಗೆದರು. ಡಬ್ಬಿ ಬೇಕು ಅಂದರೆ ಯಾಕೆ ಅಂತ ಆರಿಸಬೇಕು. ಆರಿಸಿದ ಕಾರಣಕ್ಕೆ ತಕ್ಕ ಹಾಗೆ ಅವಧಿ ತಾನೇ ನಿಗದಿಯಾಗುತ್ತೆ. ಅವಧಿ ಮುಗಿದ ಮೇಲೆ ರೋಗಿ ಸ್ಥಿರವಾಗಿದ್ದರೆ ನರ್ಸೇ ತೆಗೆಯಬಹುದು. ಡಾಕ್ಟರಿಗೆ ಬೇಕೇ ಬೇಕು ಅನಿಸಿದರೆ ಹಾಕಲು ಅಡ್ಡಿಯಿಲ್ಲ. 2014ರಲ್ಲಿ ಅವರು ಫಲಿತಾಂಶ ಪ್ರಕಟಿಸಿದರು. ದಿನಕ್ಕೆ ಸರಾಸರಿ 357 ಜನ ಡಬ್ಬಿ ಹೊತ್ತಿರುತ್ತಿದ್ದದ್ದು 109ಕ್ಕೆ ಇಳಿದಿತ್ತು. ಖರ್ಚು ದಿನಕ್ಕೆ ಸುಮಾರು 19,000 ಡಾಲರಿನಿಂದ 6,000ದ ಒಳಗೆ ಬಂದಿತ್ತು. ಸಾವು ಹೆಚ್ಚಾಯಿತಾ? ಇಲ್ಲ. ಹೃದಯ ನಿಂತು ತುರ್ತು ಕರೆ ಹೋಗುವುದು ಹೆಚ್ಚಾಯಿತಾ? ಅದೂ ಇಲ್ಲ. ಅಂದರೆ ಪ್ರತಿದಿನ ಸುಮಾರು 250 ಜನ ತಮಗೆ ಯಾವ ಉಪಕಾರವೂ ಆಗದೆ ಆ ವೈರುಗಳಲ್ಲಿ ಸಿಕ್ಕಿಕೊಂಡು ಮಲಗಿದ್ದರು.

ಲೆಕ್ಕ ಸರಿ. ಆದರೆ ಡಬ್ಬಿ ತೆಗೆಯಬೇಕಾದದ್ದು ಲೆಕ್ಕದ ಎದೆಯಿಂದಲ್ಲ, ಒಬ್ಬರ ತಾಯಿಯ ಎದೆಯಿಂದ.

ಸೊಸೆಯ ಬಾಣಂತನಕ್ಕೆ ಅಂತ ಹಾಸನದ ಕಡೆಯಿಂದ ಬಂದ ಒಬ್ಬರು ಅಮ್ಮ. ಎಪ್ಪತ್ತು ದಾಟಿದೆ. ಇಲ್ಲಿನ ಚಳಿಗೆ ನ್ಯುಮೋನಿಯಾ ಹಿಡಿದು ಅಡ್ಮಿಟ್ ಆಗಿದ್ದರು. ಮೂರನೇ ದಿನ ಜ್ವರ ಬಿಟ್ಟಿತ್ತು, ಹೃದಯಕ್ಕೆ ಏನೂ ಆಗಿರಲಿಲ್ಲ, ಇಸಿಜಿ ಸರಿಯಾಗಿತ್ತು. ಆದರೆ ಎಮರ್ಜೆನ್ಸಿಯಲ್ಲಿ ಹಾಕಿದ ಡಬ್ಬಿ ಹಾಗೇ ಇತ್ತು. ನಾನು ಕನ್ನಡದಲ್ಲಿ ಮಾತಾಡಿಸಿದ್ದೇ ತಡ, ಎರಡು ದಿನದ್ದೆಲ್ಲ ಒಟ್ಟಿಗೇ ಹೊರಗೆ ಬಂತು. ‘ನೋಡವ್ವಾ, ಹಸ ಕಟ್ಟಾಕ್ದಂಗೆ ಕಟ್ಟಾಕವ್ರೆ. ಮಗ್ಗುಲು ಬದಲಾಯ್ಸಂಗಿಲ್ಲ, ಅದೇನೋ ಕಿತ್ಕತದೆ. ಪಾಪ ಆ ಹುಡ್ಗಿ ಲೈಟಾಕ್ಕಂಡು ಓಡ್ ಬತ್ತದೆ. ಅವ್ಳಿಗೂ ನಿದ್ದೆ ಇಲ್ಲ, ನಂಗೂ ನಿದ್ದೆ ಇಲ್ಲ.’ ಹಿಂದಿನ ರಾತ್ರಿ ಅವರು ಸ್ವಲ್ಪ ಹೊತ್ತು ತಾನೆಲ್ಲಿದ್ದೀನಿ ಅನ್ನುವುದನ್ನೇ ಮರೆತಿದ್ದರು ಅಂತ ನರ್ಸು ಬರೆದಿಟ್ಟಿದ್ದಳು. ವಯಸ್ಸಾದವರಿಗೆ ಎರಡು ರಾತ್ರಿ ನಿದ್ದೆ ಕೆಟ್ಟು, ಗುರುತಿಲ್ಲದ ಜಾಗವಾದರೆ ಹೀಗಾಗುವುದು ಉಂಟು. ಆ ಮಂಪರಿನಲ್ಲಿ ಎದ್ದು ಹೊರಟರೆ ವೈರಿಗೆ ಕಾಲು ಸಿಕ್ಕಿ ಬೀಳುವುದೂ ಉಂಟು.

ಡಬ್ಬಿ ತೆಗೆಯೋಣ ಅಂದೆ. ಅಮ್ಮನ ಮುಖ ಅರಳಿತು, ಮಗನ ಮುಖ ಬಾಡಿತು. ‘ಮೇಡಂ, ಪ್ಲೀಸ್, ಅದೊಂದು ಇರ್ಲಿ. ಇನ್ಶೂರೆನ್ಸ್‌ನೋರು ಕೊಡದೇ ಇದ್ರೂ ಪರವಾಗಿಲ್ಲ, ನಾನು ಕೈಯಿಂದ ಕಟ್ತೀನಿ. ಊರಲ್ಲಿ ಅಕ್ಕ ದಿನಾ ಕೇಳ್ತಾಳೆ, ಮಾನಿಟರ್ ಇದೆಯಲ್ಲ ಅಂತ ಹೇಳಿ ಸಮಾಧಾನ ಮಾಡ್ತಿದೀನಿ.’ ಅವರು ಹೇಳದೇ ಬಿಟ್ಟ ಮಾತೂ ನನಗೆ ಕೇಳಿಸಿತು. ನಾನು ಕರೆಸಿಕೊಂಡೆ, ನನ್ನ ಮನೆಗೆ ಬಂದು ಅಮ್ಮನಿಗೆ ಹೀಗಾಯ್ತು, ನಾಳೆ ಏನಾದರೂ ಆದರೆ ಅಕ್ಕನಿಗೆ ಯಾವ ಮುಖ ತೋರಿಸಲಿ? ಡಬ್ಬಿ ಅಮ್ಮನ ಎದೆ ಮೇಲಿತ್ತು, ಅದು ಕಾಯ್ತಾ ಇದ್ದದ್ದು ಮಗನ ಎದೆಯನ್ನು.

ಇಂಥವರಿಗೆ ‘ಗೈಡ್‌ಲೈನ್ ಪ್ರಕಾರ ಬೇಕಾಗಿಲ್ಲ’ ಅಂದರೆ ‘ಕೈ ಬಿಟ್ರು’ ಅಂತಲೇ ಕೇಳಿಸುತ್ತೆ. ಕುರ್ಚಿ ಎಳೆದುಕೊಂಡು ಕೂತೆ. ‘ನಿಮ್ಮಮ್ಮನಿಗೆ ತೊಂದರೆ ಬರೋದಿದ್ರೆ ಎಲ್ಲಿ ಬರುತ್ತೆ ಹೇಳಿ? ಉಸಿರಲ್ಲಿ ಬರುತ್ತೆ, ಜ್ವರದಲ್ಲಿ ಬರುತ್ತೆ, ಮಲಗಿದ್ದಲ್ಲೇ ಮಲಗಿ ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ರೆ ಬರುತ್ತೆ. ಈ ಡಬ್ಬಿ ಅದ್ಯಾವುದನ್ನೂ ನೋಡಲ್ಲ. ಇದು ನೋಡೋದು ಬಡಿತದ ತಾಳ ಒಂದನ್ನೇ. ನಾಲ್ಕು ಗಂಟೆಗೊಂದು ಸಲ ನರ್ಸು ಬಂದು ಉಸಿರು ಎಣಿಸ್ತಾಳೆ, ಆಕ್ಸಿಜನ್ ನೋಡ್ತಾಳೆ, ಜ್ವರ ನೋಡ್ತಾಳೆ. ನೀವು ದಿನಕ್ಕೆ ಮೂರು ಸಲ ಕೈ ಹಿಡಿದು ಈ ಕಾರಿಡಾರಿನ ಕೊನೆವರೆಗೂ ನಡೆಸಿಕೊಂಡು ಬನ್ನಿ. ಊಟಕ್ಕೆ ಹಾಸಿಗೆಯಿಂದ ಎಬ್ಬಿಸಿ ಕುರ್ಚಿ ಮೇಲೆ ಕೂರಿಸಿ. ನಡೆಯುವಾಗ ಏದುಸಿರು ಬಂದ್ರೆ, ಮಾತು ತೊದಲಿದ್ರೆ, ತಕ್ಷಣ ಕರೀರಿ. ಅದು ಈ ಡಬ್ಬಿಗೆ ಗೊತ್ತಾಗಲ್ಲ, ನಿಮಗೆ ಗೊತ್ತಾಗುತ್ತೆ.’ ಇಷ್ಟಕ್ಕೆ ಹಿಡಿದದ್ದು ಹದಿನೈದು ನಿಮಿಷ. ಡಬ್ಬಿ ಮುಂದುವರಿಸೋಕೆ ಒಂದು ನಿಮಿಷವೂ ಬೇಕಾಗಿರಲಿಲ್ಲ. ನನ್ನಂಥವರು ಅದನ್ನು ಅಲ್ಲೇ ಬಿಟ್ಟು ಮುಂದಿನ ರೂಮಿಗೆ ಹೋಗುವುದು ಯಾಕೆ ಅಂತ ಈಗ ಗೊತ್ತಾಯ್ತಲ್ಲ. ಆವತ್ತು ಮಧ್ಯಾಹ್ನ ಮಗ ಅಮ್ಮನನ್ನು ನಡೆಸಿಕೊಂಡು ಹೋಗ್ತಿದ್ದದ್ದು ನೋಡಿದೆ. ಅಕ್ಕನಿಗೆ ವಿಡಿಯೋ ಕಾಲ್ ಮಾಡಿ ಅಮ್ಮ ನಡೆಯೋದನ್ನು ತೋರಿಸ್ತಿದ್ದರು. ಮಾನಿಟರಿಗಿಂತ ಒಳ್ಳೆಯ ಸುದ್ದಿ ಅದು.

ಈಗ ನಮ್ಮ ವಾರ್ಡಿನಲ್ಲಿ ಒಬ್ಬ ಹಿರಿಯ ನರ್ಸು ದಿನಾ ಬೆಳಿಗ್ಗೆ ರೌಂಡ್ಸಿನಲ್ಲಿ ಪ್ರತಿ ರೋಗಿಯ ಬಾಗಿಲಲ್ಲೂ ಒಂದೇ ಪ್ರಶ್ನೆ ಕೇಳ್ತಾರೆ: ‘ಇವತ್ತೂ ಬೇಕಾ?’ ಮೊದಮೊದಲು ಕೆಲವರಿಗೆ ಕಿರಿಕಿರಿ. ನನ್ನ ಸಹೋದ್ಯೋಗಿಯೊಬ್ಬರು ‘ತೆಗೆದ ಮೇಲೆ ಏನಾದರೂ ಆದರೆ ನೀವು ಬಂದು ಕೋರ್ಟಿನಲ್ಲಿ ನಿಲ್ತೀರಾ?’ ಅಂತ ಮುಖದ ಮೇಲೇ ಕೇಳಿದ್ದರು. ಆಕೆ ನಿಧಾನಕ್ಕೆ ‘ಹಾಕಿದ್ದಕ್ಕೆ ಕಾರಣ ಹೇಳಿ, ಇರಲಿ. ನಾನೇನು ಕಿತ್ತುಕೊಂಡು ಹೋಗಲ್ಲ’ ಅಂದರು. ಅವರ ಹತ್ತಿರ ಕಾರಣ ಇರಲಿಲ್ಲ. ಆದರೂ ಆವತ್ತು ಡಬ್ಬಿ ಅಲ್ಲೇ ಉಳಿಯಿತು. ಮರುದಿನ ಹೋಯಿತು. ಇಂಥ ಕೆಲಸ ನಡೆಯುವುದೇ ಹೀಗೆ, ಒಂದೊಂದು ದಿನ ಹಿಂದೆ ಮುಂದೆ.

ಆಕೆಯ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ನಾನು ಎಂಬಿಬಿಎಸ್ ಓದಿದ ಕರ್ನಾಟಕದ ಸರ್ಕಾರಿ ಆಸ್ಪತ್ರೆಯ ಮೆಡಿಸಿನ್ ವಾರ್ಡು ನೆನಪಾಗುತ್ತೆ. ಇಡೀ ವಾರ್ಡಿಗೆ ಕೆಲಸ ಮಾಡುವ ಮಾನಿಟರ್ ಒಂದೇ. ಚಕ್ರದ ಸ್ಟ್ಯಾಂಡಿನ ಮೇಲೆ, ಮೈತುಂಬಾ ಬ್ಯಾಂಡೇಜ್ ಪಟ್ಟಿ ಸುತ್ತಿಸಿಕೊಂಡು ನಿಂತಿರುತ್ತಿತ್ತು. ದಿನಾ ಬೆಳಿಗ್ಗೆ ನಮ್ಮ ಪ್ರೊಫೆಸರು ರೌಂಡ್ಸ್ ಮುಗಿಸಿ ಅದರ ಮುಂದೆ ನಿಂತು ‘ಇವತ್ತು ಇದು ಯಾರಿಗೆ?’ ಅಂತ ಕೇಳೋರು. ನಾವು ಉತ್ತರ ಹೇಳಬೇಕು, ಯಾಕೆ ಅಂತಲೂ ಹೇಳಬೇಕು. ಉಳಿದವರ ನಾಡಿಯನ್ನು ಕೈಯಲ್ಲೇ ಹಿಡಿದು ನೋಡಬೇಕು. ಆ ಬಡತನವನ್ನು ನಾನು ಹಾಡಿ ಹೊಗಳಲಾರೆ. ಎರಡನೇ ಮಾನಿಟರ್ ಇದ್ದಿದ್ದರೆ ಉಳಿಯುತ್ತಿದ್ದ ಮುಖಗಳು ಈಗಲೂ ಕಣ್ಣ ಮುಂದೆ ಇವೆ. ಆದರೆ ಅಲ್ಲಿ ಆ ಪ್ರಶ್ನೆ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಇಲ್ಲಿ ಡಬ್ಬಿಗಳು ಬೇಕಾದಷ್ಟಿವೆ ಅನ್ನಿಸಿದ ದಿನವೇ ಪ್ರಶ್ನೆ ಕಳೆದುಹೋಯಿತು. ಈಗ ಬೆಂಗಳೂರು, ಮೈಸೂರಿನ ದೊಡ್ಡ ಆಸ್ಪತ್ರೆಗಳಲ್ಲೂ ಮಾನಿಟರ್ ಹಾಸಿಗೆಗೊಂದು, ಅದಕ್ಕೆ ಬಿಲ್ಲಿನಲ್ಲಿ ದಿನದ ಲೆಕ್ಕದ ಸಾಲೂ ಒಂದು. ಯಂತ್ರ ಅಲ್ಲಿಗೂ ಬಂತು, ಒಳ್ಳೆಯದೇ. ಪ್ರೊಫೆಸರರ ಪ್ರಶ್ನೆಯನ್ನೂ ಜೊತೆಯಲ್ಲಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಓದುತ್ತಿರುವ ನಿಮಗೂ ಒಂದು ದಿನ ಈ ಡಬ್ಬಿ ಎದುರಾಗುತ್ತೆ, ನಿಮ್ಮ ಎದೆ ಮೇಲಲ್ಲದಿದ್ದರೆ ಅಪ್ಪನ ಎದೆ ಮೇಲೆ. ದಯವಿಟ್ಟು ನೀವಾಗಿಯೇ ಕಿತ್ತು ಹಾಕಬೇಡಿ. ಡಾಕ್ಟರು ಬಂದಾಗ ಮೂರು ಮಾತು ಕೇಳಿ. ಇದನ್ನು ಯಾತಕ್ಕೆ ಹಾಕಿದ್ದೀರಿ? ಎಷ್ಟು ದಿನ ಬೇಕು? ತೆಗೆದ ಮೇಲೆ ನಾವು ಏನನ್ನು ಗಮನಿಸಬೇಕು? ‘ಬೇಕು, ಈ ಕಾರಣಕ್ಕೆ’ ಅಂದರೆ ಇರಲಿ. ರಾತ್ರಿ ಎರಡು ಸಲ ನಿದ್ದೆ ಕೆಟ್ಟರೂ ಇರಲಿ, ಅದು ಪ್ರಾಣ ಉಳಿಸುವ ಯಂತ್ರ. ಉತ್ತರ ಹೊಳೆಯದೆ ಅವರು ಒಂದು ಗಳಿಗೆ ಸುಮ್ಮನೆ ನಿಂತರೆ, ನಿಲ್ಲಲು ಬಿಡಿ. ಡಾಕ್ಟರುಗಳಿಗೆ ಆ ಒಂದು ಗಳಿಗೆ ಬೇಕಾಗಿರುತ್ತೆ.